ಅಜ್ಜಿಯ ಕೆಮ್ಮಣ್ಣು ಡಬ್ಬಿಯಲ್ಲಿ ಬಂದ ಕಥೆ

ಕಳೆದ ದೀಪಾವಳಿಗೆ ನಮ್ಮ ಹೊಸ ಮನೆಯ ಜಗಲಿಗೆ ಬಣ್ಣ ಹೊಡೆಸುವ ಮಾತು ಬಂತು. ತಮ್ಮ ಪೇಟೆಯ ಪೇಂಟ್ ಅಂಗಡಿಯಿಂದ ಬಣ್ಣದ ಕಾರ್ಡ್ ತಂದಿದ್ದ. ನೂರಾರು ಚೌಕಗಳಲ್ಲಿ ಒಂದರ ಮೇಲೆ ಬೆರಳಿಟ್ಟು, "ಇದೇ ಬೇಕು, ಈಗ ಬೆಂಗಳೂರಲ್ಲೆಲ್ಲ ಇದೇ ನಡೀತಿರೋದು" ಎಂದ. ಆ ಚೌಕದ ಕೆಳಗೆ ‘ಟೆರಾಕೋಟಾ’ ಎಂದು ಬರೆದಿತ್ತು. ಕಿತ್ತಳೆಯೂ ಅಲ್ಲ, ಕೆಂಪೂ ಅಲ್ಲ, ಸುಟ್ಟ ಇಟ್ಟಿಗೆಯಂಥ ಬೆಚ್ಚಗಿನ ಬಣ್ಣ.

ಅಡಿಕೆ ಸುಲಿಯುತ್ತ ಕೂತಿದ್ದ ಅಜ್ಜಿ ಕಾರ್ಡನ್ನು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. "ಎಂತದಾ ಇದು? ನಮ್ಮ ಕೆಮ್ಮಣ್ಣೇ ಅಲ್ದನಾ? ಇದಕ್ಕೂ ದುಡ್ಡು ಕೊಡಬೇಕಾ?" ಎಂದರು.

ನಾವೆಲ್ಲ ನಕ್ಕೆವು. ಆದರೆ ಮಾತು ನನ್ನ ತಲೆಯಲ್ಲೇ ಉಳಿಯಿತು. ಹದಿನೈದು ವರ್ಷಗಳ ಹಿಂದೆ ನಮ್ಮ ಹಳೆ ಮಣ್ಣಿನ ಮನೆಯ ಗೋಡೆ ಇದೇ ಬಣ್ಣದಲ್ಲಿತ್ತು. ಪೇಟೆಯ ಗೆಳೆಯರನ್ನು ಮನೆಗೆ ಕರೆಯಲು ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ಅದೇ ಬಣ್ಣಕ್ಕೆ ಡಬ್ಬಿಗೆ ಎರಡು ಸಾವಿರದ ಮೇಲೆ ಕೊಟ್ಟು ತರಲು ಹೊರಟಿದ್ದೇವೆ. ನಡುವೆ ಏನಾಯಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮಣ್ಣು ಕೆಂಪಾಗುವುದು ಯಾಕೆ?

ಟೆರಾಕೋಟಾ ಎಂಬುದು ಇಟಲಿಯ ಮಾತು. ‘ಸುಟ್ಟ ಮಣ್ಣು’ ಎಂದಷ್ಟೇ ಅದರ ಅರ್ಥ. ನಮ್ಮ ಕುಂಬಾರರ ಮಡಕೆ, ಹಂಚಿನ ಮನೆಯ ಹಂಚು, ಇಟ್ಟಿಗೆ ಎಲ್ಲವೂ ಟೆರಾಕೋಟಾವೇ.

ಬಣ್ಣ ಕೊಡುವುದು ಮಣ್ಣಿನಲ್ಲಿರುವ ಕಬ್ಬಿಣ. ಕಬ್ಬಿಣ ಗಾಳಿಯ ಜೊತೆ ಸೇರಿ ತುಕ್ಕು ಹಿಡಿದಾಗ ಕೆಂಪಾಗುತ್ತದಲ್ಲ, ಮಣ್ಣಿನಲ್ಲೂ ಅದೇ ನಂಟು. ಕಬ್ಬಿಣದ ಅಂಶ ನೀರನ್ನು ಹಿಡಿದುಕೊಂಡಿದ್ದರೆ ಮಣ್ಣು ಹಳದಿ. ಬೆಂಕಿಗೆ ಹಾಕಿ ಆ ನೀರನ್ನು ಓಡಿಸಿದರೆ ಅದೇ ಹಳದಿ ಮಣ್ಣು ಕೆಂಪಾಗುತ್ತದೆ. ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಮಡಕೆ ಕೆಂಪು, ಗಾಳಿ ಕಟ್ಟಿ ಹೊಗೆ ತುಂಬಿದರೆ ಕಪ್ಪು. ಕುಂಬಾರರಿಗೆ ಇದನ್ನು ಯಾರೂ ಶಾಲೆಯಲ್ಲಿ ಹೇಳಿಕೊಟ್ಟಿದ್ದಲ್ಲ.

ನಮ್ಮ ನಾಡಿನ ಪಶ್ಚಿಮಕ್ಕೆ ಇಂಥ ಮಣ್ಣು ಹೇರಳ. ಮಳೆ ಜೋರಾಗಿ ಬೀಳುವ ಕಡೆ ಮಣ್ಣಿನ ಉಳಿದ ಸಾರವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ನಾವು ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ ಹುಟ್ಟುವುದು ಹೀಗೆ. 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. 1807ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ಹೆಸರಿದೆ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮವರು ‘ಇಟ್ಟಿಗೆ’ ಎಂದು ಕರೆಯುತ್ತಿದ್ದ ಕಲ್ಲಿಗೆ ಅವನೂ ಇಟ್ಟಿಗೆ ಎಂದೇ ಹೆಸರಿಟ್ಟ, ತನ್ನ ಭಾಷೆಯಲ್ಲಿ.

ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋದವರು ಹೆಸರನ್ನು ಬಿಡಿಸಿ ನೋಡಿ: ಕೆಂಪು ಮಣ್ಣಿನ ಗುಂಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಾಗ ಅದಿರು ಬರುತ್ತಿದ್ದುದು ಈ ಬೆಟ್ಟದಿಂದ. ಅದಿರನ್ನು ಕೆಳಗಿಳಿಸಲು ಹಗ್ಗದ ದಾರಿ ಹಾಕಿದ್ದರು. ಅಜ್ಜಿ ಗೋಡೆಗೆ ಬಳಿದ ವಸ್ತುವೂ ಭದ್ರಾವತಿಯ ಕುಲುಮೆಗೆ ಹೋದ ವಸ್ತುವೂ ಒಂದೇ ಕುಲ.

ಬಂಡೆಯಿಂದ ಗೋಡೆಗೆ

ಮನುಷ್ಯ ಮೊದಲು ಕೈಗೆತ್ತಿಕೊಂಡ ಬಣ್ಣಗಳಲ್ಲಿ ಇದೂ ಒಂದು. ಬಾದಾಮಿಯ ಹತ್ತಿರದ ಶಿಡ್ಲಫಡಿಯಲ್ಲಿ, ಗಂಗಾವತಿ ಕಡೆಯ ಹಿರೇಬೆಣಕಲ್‌ನ ಬಂಡೆಗಳ ಕೆಳಗೆ, ಇತಿಹಾಸ ಬರೆಯುವ ಕಾಲಕ್ಕಿಂತ ಹಿಂದಿನ ಜನ ಕೆಮ್ಮಣ್ಣಿನಲ್ಲಿ ಬರೆದ ಪ್ರಾಣಿಗಳು, ಮನುಷ್ಯರು ಇಂದಿಗೂ ಕಾಣುತ್ತಾರೆ. ಎಷ್ಟು ಬಿಸಿಲು ಬಿದ್ದರೂ ಈ ಬಣ್ಣ ಮಾಸುವುದು ನಿಧಾನ. ಕಬ್ಬಿಣ ಆಗಲೇ ತುಕ್ಕಾಗಿದೆ, ಇನ್ನು ಹೊಸದಾಗಿ ಕೆಡಲು ಅದರಲ್ಲಿ ಏನೂ ಉಳಿದಿಲ್ಲ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸುಮಾರು ಎರಡು ಸಾವಿರ ವರ್ಷ ಹಳೆಯ ಮಡಕೆಗಳು ಸಿಕ್ಕವು. ಅವುಗಳಲ್ಲಿ ಒಂದು ಬಗೆ, ಕೆಮ್ಮಣ್ಣಿನ ತೆಳು ಲೇಪದ ಮೇಲೆ ಬಿಳಿಚಿದ ಗೆರೆಗಳ ಚಿತ್ತಾರ ಕಾಣುವಂಥದ್ದು. ಆ ಫೋಟೋ ನೋಡಿದಾಗ ನನಗೆ ನಮ್ಮ ಕೇರಿಯ ಗೋಡೆ ನೆನಪಾಯಿತು. ಎರಡನ್ನೂ ಒಂದೇ ವಂಶಕ್ಕೆ ಸೇರಿಸುವ ಅವಸರ ನನಗಿಲ್ಲ. ಕೆಂಪಿನ ಮೇಲೆ ಬಿಳಿ ಚೆಂದ ಕಾಣುತ್ತದೆ ಎಂಬುದು ಮಾತ್ರ ಈ ನಾಡಿನ ಕಣ್ಣಿಗೆ ಬಹಳ ಹಳೆಯ ಪರಿಚಯ.

ಒಂದು ಬಣ್ಣ, ಹಲವು ಹೆಸರು

ಮಲೆನಾಡಿನಲ್ಲಿ ನಾವು ಕೆಮ್ಮಣ್ಣು ಅನ್ನುತ್ತೇವೆ. ಹಳೆ ಮೈಸೂರು ಕಡೆಯವರು ಜಾಜು ಅನ್ನುತ್ತಾರೆ. ಕರಾವಳಿಯಲ್ಲಿ ಕಾವಿ. ಉತ್ತರ ಕರ್ನಾಟಕದಲ್ಲಿ ಹುರಮಂಜು.

ಈ ‘ಹುರಮಂಜು’ ಎಂಬ ಮಾತಿನ ಬೆನ್ನು ಹತ್ತಿದರೆ ಸಮುದ್ರ ದಾಟಬೇಕಾಗುತ್ತದೆ. ಪರ್ಷಿಯಾ ಕೊಲ್ಲಿಯ ಬಾಯಲ್ಲಿ ಹೊರ್ಮುಜ್ ಎಂಬ ದ್ವೀಪವಿದೆ. ಅಲ್ಲಿನ ನೆಲ, ಕಡಲ ದಂಡೆ ಎಲ್ಲ ಕೆಂಪು. ಅಲ್ಲಿನ ಕೆಮ್ಮಣ್ಣು ಹಡಗು ಹತ್ತಿ ಬೇರೆ ದೇಶಗಳಿಗೆ ಹೋಗುತ್ತಿತ್ತು. ಮಣ್ಣಿನ ಜೊತೆ ಊರಿನ ಹೆಸರೂ ಹೋಯಿತು. ಮರಾಠಿಯಲ್ಲಿ ಅದು ಹುರಮುಂಜಿ, ಹಿಂದಿಯಲ್ಲಿ ಹಿರಮಿಜಿ, ನಮ್ಮಲ್ಲಿ ಹುರಮಂಜು. ಮುಂದಿನ ಸಲ ಟಿವಿ ಸುದ್ದಿಯಲ್ಲಿ ಹೊರ್ಮುಜ್ ಜಲಸಂಧಿ, ಎಣ್ಣೆ ಹಡಗು ಎಂದು ಕೇಳಿದಾಗ ನಿಮ್ಮೂರ ಗುಡಿಯ ಗೋಡೆಯ ಕೆಂಪು ಪಟ್ಟೆಯನ್ನು ಒಮ್ಮೆ ನೆನೆಸಿಕೊಳ್ಳಿ.

ಉತ್ತರ ಕನ್ನಡ ಮತ್ತು ಗೋವಾದ ಕರಾವಳಿಯಲ್ಲಿ ಈ ಬಣ್ಣ ಬೇರೆಯದೇ ಕಲೆಯಾಯಿತು. ಅದನ್ನು ಕಾವಿ ಕಲೆ ಎನ್ನುತ್ತಾರೆ. ಗೋಡೆಗೆ ಮೊದಲು ಸುಣ್ಣದ ಗಾರೆ ಬಳಿಯುವುದು, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ ಎಳೆಯುವುದು, ಅದು ಹಸಿಯಿರುವಾಗಲೇ ಚೂಪು ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುವುದು. ಇಲ್ಲಿ ಚಿತ್ರ ಬರೆಯುವುದಲ್ಲ, ಕೆರೆಯುವುದು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಇದನ್ನು ನೋಡಬಹುದು. ಜಾತ್ರೆಯ ನೂಕುನುಗ್ಗಲಲ್ಲಿ ಗೋಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾತ್ರೆ ಇಲ್ಲದ ದಿನ ಹೋಗಿ.

ಗೋಡೆ ಹೆಂಗಸರ ಕೈಯಲ್ಲಿತ್ತು

ಗುಡಿಯ ಮಾತು ಸಾಕು, ಮನೆಯೊಳಗೆ ಬರೋಣ.

ಸಾಗರ, ಸೊರಬ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ಅದರ ಮೇಲೆ ಬಿಳಿ ಬರುವುದು ನೆನೆಸಿ ಅರೆದ ಅಕ್ಕಿಯಿಂದ, ಕಪ್ಪು ಬರುವುದು ಸುಟ್ಟ ಅಕ್ಕಿಯಿಂದ, ಹಳದಿ ಬರುವುದು ಗುರಿಗೆ ಕಾಯಿಯಿಂದ. ಕುಂಚ ಪುಂಡಿ ನಾರಿನದು. ಗೆರೆಗೆ ಗೆರೆ ತಾಗಿಸಿ, ಕೈ ನಡುಗದಂತೆ ಎಳೆಯಬೇಕು. ಮದುವೆ ಮನೆಯಲ್ಲಿ ಹಸೆ ಗೋಡೆ ಇಲ್ಲದೆ ಶಾಸ್ತ್ರ ನಡೆಯುತ್ತಿರಲಿಲ್ಲ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಚರಗ ಒಯ್ಯುವ ಬೂಮಣ್ಣಿ ಬುಟ್ಟಿಗೂ ಮೊದಲು ಸಗಣಿ, ಆಮೇಲೆ ಕೆಮ್ಮಣ್ಣು, ಅದರ ಮೇಲೆ ಚಿತ್ತಾರ.

ಅಜ್ಜಿ ಹೇಳುವ ಪ್ರಕಾರ ಕೆಲಸದ ಮುಕ್ಕಾಲು ಪಾಲು ಚಿತ್ತಾರದಲ್ಲಿಲ್ಲ, ಮಣ್ಣಿನಲ್ಲಿದೆ. ಮಳೆ ನಿಂತ ಮೇಲೆ ಗುಡ್ಡದ ಬದಿಯ ಗುಂಡಿಗೆ ನಾಲ್ಕೈದು ಹೆಂಗಸರು ಒಟ್ಟಿಗೆ ಹೋಗಿ ಅಗೆಯುವುದು. ಬುಟ್ಟಿಯಲ್ಲಿ ಹೊತ್ತು ತರುವುದು. ಕುಟ್ಟಿ, ಜರಡಿ ಹಿಡಿದು, ಹಂಡೆಯಲ್ಲಿ ನೀರಿಗೆ ಹಾಕಿ ಕಲಕುವುದು. ಮರಳು ತಳಕ್ಕೆ ಕೂರುತ್ತದೆ, ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವುದು. ಒಂದು ರಾತ್ರಿ ಬಿಟ್ಟರೆ ನಯವಾದ ಮಣ್ಣು ಬೆಣ್ಣೆಯ ಹಾಗೆ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ಗಂಜಿ ತಿಳಿ ಸೇರಿಸಿ ಹಳೆ ಬಟ್ಟೆಯಿಂದ ಬಳಿಯುವುದು.

ಇದರಲ್ಲಿ ಚೆಂದದ ಜೊತೆ ಲೆಕ್ಕಾಚಾರವೂ ಇತ್ತು. ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಂಪು ಪಟ್ಟಿ ಯಾಕೆ ಬಳಿಯುತ್ತಿದ್ದರು? ಮಳೆಗಾಲದಲ್ಲಿ ಸೂರಿನ ನೀರು ನೆಲಕ್ಕೆ ಬಡಿದು ಸಿಡಿಯುವ ಕೆಸರು ಅಲ್ಲಿ ಎದ್ದು ಕಾಣುವುದಿಲ್ಲ. ಒಳಗೆ, ಸಣ್ಣ ಕಿಟಕಿಯ ಕತ್ತಲೆ ಮನೆಯಲ್ಲಿ, ಬುಡ್ಡಿ ದೀಪದ ಬೆಳಕು ಕೆಂಪು ಗೋಡೆಗೆ ಬಿದ್ದಾಗ ಮನೆ ಬೆಚ್ಚಗೆ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಬಳಿಯುವ ನೆಪದಲ್ಲಿ ಗೋಡೆಯ ಬಿರುಕು, ಇಲಿ ಬಿಲ, ಗೆದ್ದಲು ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು.

ಹಾಗಂತ ಹಳೆಯದನ್ನೆಲ್ಲ ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಮಣ್ಣು ಹೊರುವವರ ಸೊಂಟ ಹೋಗುತ್ತಿತ್ತು. ಅಗೆದೂ ಅಗೆದೂ ಒಳಗೆ ಪೊಳ್ಳಾದ ಗುಂಡಿ ತಲೆ ಮೇಲೆ ಕುಸಿಯುವ ಭಯ ಯಾವಾಗಲೂ ಇತ್ತು. "ನಾ ಒಳಗೆ ಇಳದ್ರೆ ಇನ್ನೊಬ್ಳು ಮೇಲೆ ನಿಂತ್ಕಂಡು ಕಾಯದು" ಎಂದು ಅಜ್ಜಿ ಈಗಲೂ ಹೇಳುತ್ತಾರೆ. ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಆದ್ದರಿಂದ ಇದು ಕೆಲಸ ಎಂದು ಯಾರಿಗೂ ಅನ್ನಿಸಲೂ ಇಲ್ಲ.

ಸುಟ್ಟ ಮಣ್ಣು ಮಾಡಿಗೆ ಏರಿತು

ಗೋಡೆಯಲ್ಲಿದ್ದ ಕೆಂಪು ಮಾಡಿಗೆ ಏರಿದ್ದು ಮಂಗಳೂರಿನಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಇದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಪಾದ್ರಿ. ನದಿ ದಂಡೆಯ ಜೇಡಿ ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು, ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚು ಮಾಡಿದರು. ಪತ್ರಿಕೋದ್ಯಮ ಓದಿದ ನಮಗೆ ಈ ಮಿಷನ್ ಬೇರೆ ಕಾರಣಕ್ಕೆ ಗೊತ್ತು: 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಮಿಷನ್ನಿನವರು.

ಹುಲ್ಲಿನ ಮಾಡಿಗೆ ಬೆಂಕಿಯ ಭಯ. ವರ್ಷ ವರ್ಷ ಹೊದಿಸುವ ಕೆಲಸ ಬೇರೆ. ಹಂಚು ಬಂದು ಆ ಎರಡೂ ತಪ್ಪಿದವು. ಮಂಗಳೂರು ಹಂಚು ಸಿಲೋನ್, ಪೂರ್ವ ಆಫ್ರಿಕಾವರೆಗೆ ಹೋಯಿತು. ಪಕ್ಕದ ಮಲಬಾರಿನಲ್ಲಿ ಹಿಂದೆ ಹಂಚಿನ ಮಾಡು ಗುಡಿಗೆ, ಅರಮನೆಗೆ ಮಾತ್ರ ಎಂಬ ಕಟ್ಟುಪಾಡು ಇತ್ತು. ಕಾರ್ಖಾನೆಯ ಹಂಚು ಅಂಥ ಕಟ್ಟುಗಳನ್ನು ಸಡಿಲ ಮಾಡಿತು, ದುಡ್ಡು ಇದ್ದವರ ತಲೆ ಮೇಲೂ ಸುಟ್ಟ ಮಣ್ಣು ಬಂತು. ಮೊದಲ ಮಹಾಯುದ್ಧದಲ್ಲಿ ಜರ್ಮನರ ನಂಟಿನ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಿಮ್ಮ ಮನೆ ಹಳೆಯದಾದರೆ ಒಂದು ಹಂಚು ತೆಗೆದು ಬೆನ್ನು ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ.

ಸಿಮೆಂಟ್ ಬಂದ ಮೇಲೆ ಅದೇ ಕೆಂಪು ನೆಲಕ್ಕೂ ಇಳಿಯಿತು. ರೆಡ್ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಕಾವಿ ನೆಲದ ಮೇಲೆ ಬೇಸಿಗೆಯಲ್ಲಿ ಚಾಪೆ ಇಲ್ಲದೆ ಮಲಗಿದ ಸುಖ ಎಷ್ಟೋ ಜನರಿಗೆ ಗೊತ್ತು. ಆ ಪುಡಿಯೂ ಕಬ್ಬಿಣದ ತುಕ್ಕೇ, ಕಾರ್ಖಾನೆಯಲ್ಲಿ ತಯಾರಾಗಿದ್ದು ಅಷ್ಟೆ.

ಬಡವರ ಬಣ್ಣ ಆಗಿದ್ದು ಹೇಗೆ?

ಹಾಗಾದರೆ ಕೆಮ್ಮಣ್ಣಿನ ಗೋಡೆ ಕಂಡರೆ ನನಗೆ ನಾಚಿಕೆಯಾಗುವಂತೆ ಮಾಡಿದ್ದು ಯಾವುದು?

ಒಂದು ಕಾರಣ ಡಬ್ಬಿ. 1902ರಲ್ಲಿ ಹೌರಾದಲ್ಲಿ ಶಾಲಿಮಾರ್, 1942ರಲ್ಲಿ ಮುಂಬೈಯಲ್ಲಿ ಏಷ್ಯನ್ ಪೇಂಟ್ಸ್ ಶುರುವಾದವು. 1954ರಲ್ಲಿ ಏಷ್ಯನ್ ಪೇಂಟ್ಸಿಗೆ ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ‘ಗಟ್ಟು’ವನ್ನು ಬರೆದುಕೊಟ್ಟವರು ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಡಿಸ್ಟೆಂಪರ್, ಸಿಮೆಂಟ್ ಪೇಂಟ್, ಆಮೇಲೆ ಎಮಲ್ಶನ್ ಒಂದರ ಹಿಂದೆ ಒಂದು ಹಳ್ಳಿಗೂ ಬಂದವು. ತಿಳಿ ನೀಲಿ, ಗಿಳಿ ಹಸಿರು, ಗುಲಾಬಿ ಬಣ್ಣ ಗೋಡೆಯಲ್ಲಿದ್ದರೆ ಮನೆಯಲ್ಲಿ ಒಬ್ಬರಾದರೂ ಸಂಬಳದ ಕೆಲಸದಲ್ಲಿದ್ದಾರೆ ಎಂದು ಅರ್ಥ. ಹೊತ್ತು ತಂದ ಮಣ್ಣಿಗಿಂತ ಕೊಂಡು ತಂದ ಬಣ್ಣಕ್ಕೆ ಮರ್ಯಾದೆ ಹೆಚ್ಚು.

ಇನ್ನೊಂದು ಕಾರಣ ಕಾಗದದಲ್ಲಿದೆ. ಸರ್ಕಾರದ ಲೆಕ್ಕದಲ್ಲಿ ಮಣ್ಣಿನ ಗೋಡೆ ಅಂದರೆ ‘ಕಚ್ಚಾ’. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗಕ್ಕೆ ಫಲಾನುಭವಿಗಳನ್ನು ಆರಿಸಿದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಿಂದ. ಸೂರಿಲ್ಲದವರು, ಕಚ್ಚಾ ಗೋಡೆ ಮತ್ತು ಕಚ್ಚಾ ಮಾಡಿನ ಒಂದೆರಡು ಕೋಣೆಯ ಮನೆಯವರು ಅದರಲ್ಲಿ ಬರುತ್ತಾರೆ. ಸೋರುವ, ಕುಸಿಯುವ ಮನೆಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಮಳೆಗಾಲ ಕಳೆದವರಿಗೆ ಆ ಮನೆ ಸಿಕ್ಕಿದ್ದು ದೊಡ್ಡ ವಿಷಯ. ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಆ ಪಟ್ಟಿ ಚೆನ್ನಾಗಿ ಕಟ್ಟಿದ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನೂ, ಬಿದ್ದುಹೋಗುವ ತಡಿಕೆಯನ್ನೂ ಒಂದೇ ಮಾತಿನಲ್ಲಿ ಕಚ್ಚಾ ಎಂದಿತು. ಗಣತಿಗೆ ಬಂದವರು ಗೋಡೆ ಮುಟ್ಟಿ ಬರೆದುಕೊಂಡಾಗ, ಅಜ್ಜಿಯ ಕೈಕೆಲಸ ನಮ್ಮ ಬಡತನದ ಸಾಕ್ಷಿಯಾಯಿತು. ನಾಚಿಕೆ ಹುಟ್ಟಿದ್ದು ಅಲ್ಲಿಂದಲೂ ಇರಬಹುದು.

ಈಗ ಪೇಟೆಯಲ್ಲಿ ಗಾರೆ ಬಳಿಯದ ಇಟ್ಟಿಗೆ ಗೋಡೆ, ಕಾವಿ ನೆಲ, ಟೆರಾಕೋಟಾ ಜಗಲಿ ಎಲ್ಲ ಮತ್ತೆ ಬೆಲೆ ಪಡೆದಿವೆ. ಮಣ್ಣಿನಿಂದ ದೂರ ಇರುವವರಿಗೆ ಅದು ರುಚಿ. ಮಣ್ಣಿನಿಂದ ಏಳಲಾಗದವರಿಗೆ ಅದು ‘ಕಚ್ಚಾ’. ಬಣ್ಣ ಒಂದೇ, ಯಾರ ಗೋಡೆಯಲ್ಲಿದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಬಳಿಯುವುದಾದರೆ ಇಷ್ಟು ನೆನಪಿಡಿ

ಇಷ್ಟೆಲ್ಲ ಓದಿದ ಮೇಲೆ ಈ ಬಣ್ಣ ಬಳಿಯಬೇಕು ಅನ್ನಿಸಿದರೆ ಒಂದೆರಡು ಮಾತು.

ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಶನ್ ಬೇಡ. ಮಣ್ಣಿನ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಮೇಲೆ ಪ್ಲಾಸ್ಟಿಕ್ ಪದರ ಕೂತರೆ ತೇವ ಒಳಗೇ ಸಿಕ್ಕಿಕೊಂಡು, ಬಣ್ಣ ಬೊಬ್ಬೆ ಎದ್ದು, ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಹಳೆ ಮನೆಯ ಅಡುಗೆಕೋಣೆಯಲ್ಲಿ ಹೀಗೇ ಆಯಿತು. ಅಲ್ಲಿಗೆ ಕೆಮ್ಮಣ್ಣೇ ಸರಿ, ಇಲ್ಲವೇ ಸುಣ್ಣಕ್ಕೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ಬಳಿಯಬಹುದು. ಸುಣ್ಣದ ಖಾರಕ್ಕೆ ಎಷ್ಟೋ ಬಣ್ಣಗಳು ಸಾಯುತ್ತವೆ, ಕಬ್ಬಿಣದ ಬಣ್ಣ ಸಾಯುವುದಿಲ್ಲ.

ಸಿಮೆಂಟ್ ಗೋಡೆಗೆ ಬರೀ ಕೆಮ್ಮಣ್ಣು ನಿಲ್ಲುವುದಿಲ್ಲ, ಒರಗಿದವರ ಅಂಗಿಗೆ ಹತ್ತುತ್ತದೆ. ಅಲ್ಲಿ ಡಬ್ಬಿಯ ಬಣ್ಣವೇ ಸುಲಭ. ಸಣ್ಣ ಕೋಣೆಯ ನಾಲ್ಕೂ ಗೋಡೆಗೆ ಹೊಡೆದರೆ ಕತ್ತಲೆಯಾಗುತ್ತದೆ. ಬೆಳಕು ಬೀಳುವ ಒಂದು ಗೋಡೆಗೆ ಹೊಡೆದು ಉಳಿದದ್ದನ್ನು ಸುಣ್ಣದ ಬಿಳಿ ಬಿಡಿ. ಬಿಳಿ ಎಲ್‌ಇಡಿಯ ಕೆಳಗೆ ಈ ಬಣ್ಣ ಸಪ್ಪೆಯಾಗಿ ಕಾಣುತ್ತದೆ, ಹಳದಿ ಬೆಳಕಿನ ಬಲ್ಬು ಹಾಕಿ ನೋಡಿ.

ಮುಖ್ಯವಾದ ಮಾತು ಇನ್ನೊಂದಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಆದರೆ ಬಾಗಿಲು, ಕಿಟಕಿ, ತೊಟ್ಟಿಲಿಗೆ ಹಿಂದೆ ಬಳಿಯುತ್ತಿದ್ದ ಹೊಳೆಯುವ ಕಿತ್ತಳೆ, ಹಳದಿ ಎಣ್ಣೆ ಬಣ್ಣಗಳಲ್ಲಿ ಬಹಳಷ್ಟು ಸೀಸದ್ದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು ಮಾಡುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದು, ಮನೆಗೆ ಬಳಸುವ ಬಣ್ಣದಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂದಿತು. 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಎಣ್ಣೆ ಬಣ್ಣವನ್ನು ಒಣಗಿದ್ದಂತೆಯೇ ಉಪ್ಪು ಕಾಗದದಲ್ಲಿ ತಿಕ್ಕಬೇಡಿ. ಒದ್ದೆ ಮಾಡಿ ತಿಕ್ಕಿ, ಸಣ್ಣ ಧೂಳನ್ನು ತಡೆಯುವ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಸ ಡಬ್ಬಿಯ ಮೇಲೆ ಸೀಸವಿಲ್ಲ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಕೊನೆಗೆ ನಮ್ಮ ಜಗಲಿ

ತಮ್ಮ ಡಬ್ಬಿಯ ಟೆರಾಕೋಟಾವನ್ನೇ ತಂದ. ಸಿಮೆಂಟ್ ಗೋಡೆಗೆ ಅದೇ ಸರಿ ಎಂದು ಅಜ್ಜಿಯೂ ಒಪ್ಪಿದರು. ಬಣ್ಣ ಒಣಗಿದ ಮೇಲೆ ಗೋಡೆಯನ್ನು ಅಂಗೈಯಿಂದ ಸವರಿ, "ಬಣ್ಣ ಹೌದು, ವಾಸನೆ ಇಲ್ಲ" ಎಂದರು. ಕೆಮ್ಮಣ್ಣು ಬಳಿದ ದಿನ ಮನೆಯೆಲ್ಲ ಮೊದಲ ಮಳೆ ಬಿದ್ದ ಹಾಗೆ ಘಮ್ಮೆನ್ನುತ್ತಿತ್ತು. ಅದನ್ನು ಯಾವ ಡಬ್ಬಿಯಲ್ಲೂ ತುಂಬಲಾಗಿಲ್ಲ.

ಬರುವ ವೈಶಾಖದಲ್ಲಿ ತಮ್ಮನ ಮದುವೆ. ಹಳೆ ಮನೆಯ ನಡುಮನೆಯ ಗೋಡೆ ಇನ್ನೂ ನಿಂತಿದೆ. ಹಸೆ ಅಲ್ಲೇ ಬರೆಯುವುದು ಎಂದು ತೀರ್ಮಾನವಾಗಿದೆ. ಅಜ್ಜಿಯ ಕೈ ಈಗ ನಡುಗುತ್ತದೆ, ಗೆರೆ ಎಳೆಯಲಾಗದು. ಸೊಸೆಯಾಗಿ ಬರುವವಳಿಗೆ ಹೇಳಿಕೊಡುತ್ತೇನೆ ಎಂದು ಅಮ್ಮ ಅಂದಾಗ ಅಜ್ಜಿ ನನ್ನ ಕಡೆ ನೋಡಿ, "ಇವ್ನೂ ಕಲೀಲಿ, ಮಣ್ಣು ಹೊರಕ್ಕೆ ಗಂಡ್ಸಿಗೆ ಎಂತ ಆಗದು?" ಎಂದರು. ಈ ಸಲ ಗುಂಡಿಗೆ ಹೋಗುವವನು ನಾನು. ಮೇಲೆ ನಿಂತು ಕಾಯುವವನು ತಮ್ಮ.

ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ಕೆಮ್ಮಣ್ಣೋ, ಜಾಜೋ, ಕಾವಿಯೋ, ಹುರಮಂಜೋ? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ. ಯಾವ ಗುಡ್ಡದ ಮಣ್ಣು ಚೆನ್ನಾಗಿರುತ್ತಿತ್ತು, ಯಾರು ತರುತ್ತಿದ್ದರು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.